ಮೊದಲನೇ ಬೇಡ

ನನಗೆ ಬೇಕಾದದ್ದನ್ನು ಬೇಕು ಎಂದು ಹೇಳಲು ಬರುವುದಿಲ್ಲ. ಇದು ನಾಚಿಕೆಪಡುವ ವಿಷಯವೆಂದು ಗೊತ್ತಿರುವುದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಬರುವ ಹೋಗುವ ಮಾಲನ್ನು ಪರೀಕ್ಷೆ ಮಾಡುವ ಕೆಲಸ ನನ್ನದು. ಅಲ್ಲಿ ಎಂಥ ದೊಡ್ಡವರು ಕಳಿಸಿದ ಬೇರಿಂಗಾದರೂ ಸರಿಯಿಲ್ಲದಿದ್ದರೆ 'ನಡೆಯೋದಿಲ್ಲ, ವಾಪಸ್ ಕಳಿಸಿ' ಎಂದು ಗಟ್ಟಿಯಾಗಿ ಹೇಳಬಲ್ಲೆ. ಆದರೆ ಯಾರ ಮನೆಗಾದರೂ ಹೋದಾಗ ಅವರು 'ಕಾಫಿ ಕುಡೀತೀರಾ' ಎಂದರೆ, ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ 'ಬೇಡ, ಈಗ ತಾನೇ ಆಯ್ತು' ಎಂದುಬಿಡುತ್ತದೆ. ಆಗಿರುವುದಿಲ್ಲ. ಅಡುಗೆಮನೆಯಿಂದ ಡಿಕಾಕ್ಷನ್ನಿನ ಘಮ ಬರುತ್ತಿರುತ್ತದೆ, ನಾನು ಗೋಡೆಯ ಕ್ಯಾಲೆಂಡರು ನೋಡುತ್ತಾ ಕುಳಿತಿರುತ್ತೇನೆ.

ನಮ್ಮ ನೆಲಮಂಗಲದ ಕಡೆ ಇದು ಅಂಥ ದೊಡ್ಡ ಕಾಯಿಲೆಯೇನೂ ಅಲ್ಲ. ಇಲ್ಲಿ ಮೊದಲನೇ ಬೇಡಕ್ಕೆ ಅರ್ಥವೇ ಇಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬರುವಂತೆ ಅದೂ ಒಂದು ಮರ್ಯಾದೆ. ಎರಡನೇ ಬೇಡ ಎಂದರೆ 'ಸ್ವಲ್ಪ ಹಾಕಿ' ಎಂದು. ಮೂರನೇ ಸಲ ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ದೇವರಾಣೆ ಮಾಡಿದರೆ ಬಡಿಸುವವರು ಒಂದು ಗಳಿಗೆ ನಿಂತು ಯೋಚಿಸುತ್ತಾರೆ, ಯೋಚಿಸಿ ಬೆರಳ ಸಂದಿಯಲ್ಲಿ ಸಾರು ಬಿಡುತ್ತಾರೆ. ನನ್ನ ಹೆಂಡತಿ ಗಂಗಮ್ಮ ಈ ವಿದ್ಯೆಯಲ್ಲಿ ಪಳಗಿದವಳು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಏನು ಬೇಕೆಂದು ಅವಳು ಕೇಳಿದ್ದೇ ಇಲ್ಲ. ನಾನು ಬೇಡ ಎನ್ನುತ್ತಿದ್ದೆ, ಅವಳು ಹಾಕುತ್ತಿದ್ದಳು. ಹೊಟ್ಟೆ ತುಂಬ ಉಂಡು, ಅವಳೇ ಬಲವಂತ ಮಾಡಿದಳು ಎಂದು ಗೊಣಗುವ ಸುಖವೂ ನನ್ನದೇ ಆಗಿತ್ತು. ಮೂರು ವರ್ಷದ ಕೆಳಗೆ ಅವಳು ಹೋಗಿಬಿಟ್ಟಳು. ಈಗ ಅನ್ನವನ್ನು ನಾನೇ ಬಡಿಸಿಕೊಂಡು, ನಾನೇ 'ಸಾಕು ಸಾಕು' ಎಂದು ಜೋರಾಗಿ ಹೇಳಿ, ನಾನೇ ಸೌಟು ಕೆಳಗಿಡುತ್ತೇನೆ. ಬಾಡಿಗೆ ಮನೆಯ ಆಚೆ ಬದಿಯಲ್ಲಿರುವವರು ನನ್ನ ಮನೆಗೆ ನೆಂಟರು ಬಂದಿದ್ದಾರೆಂದು ಎಷ್ಟೋ ಸಲ ತಿಳಿದಿದ್ದಾರೆ.

ಗಂಗಮ್ಮನ ಕಾರ್ಯವೆಲ್ಲ ಮುಗಿದ ಮಾರನೆಯ ದಿನ ಮಗಳು ಸುಜಾತ ನನ್ನ ಪಕ್ಕ ಬಂದು ಕುಳಿತಳು. ನಮಗೆ ಅವಳೊಬ್ಬಳೇ ಮಗಳು. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಗೆ ಕೊಟ್ಟಿದ್ದೇವೆ. 'ಅಪ್ಪ, ಒಬ್ನೇ ಏನ್ ಮಾಡ್ತೀಯ ಇಲ್ಲಿ, ನಮ್ಮನೇಗೇ ಬಂದ್ಬಿಡು' ಎಂದಳು. ನಾನು 'ಬೇಡಮ್ಮ, ನಿಮಗ್ಯಾಕೆ ತೊಂದ್ರೆ' ಎಂದೆ. ಅದು ಮೊದಲನೇ ಬೇಡ. ಅವಳು 'ಸರಿ, ನಿನ್ನಿಷ್ಟ' ಎಂದು ಎದ್ದು ತನ್ನ ಸೀರೆಗಳನ್ನು ಬ್ಯಾಗಿಗೆ ತುಂಬಿಕೊಂಡಳು. ಬಸ್ಸು ಹೊರಡುವವರೆಗೂ ನಾನು ಕಿಟಕಿಯ ಕೆಳಗೆ ನಿಂತೇ ಇದ್ದೆ. ಅವಳು ಹುಷಾರು ಎಂದಳು, ಗ್ಯಾಸು ಆರಿಸೋದು ಮರೀಬೇಡ ಎಂದಳು, ಇನ್ನೊಂದು ಸಲ ಮಾತ್ರ ಕೇಳಲಿಲ್ಲ. ಮಗಳಿಗೆ ನಾನು ಬೇಡವಾದೆ ಎಂದುಕೊಂಡು ಆ ಮೂರು ವರ್ಷ ಅವಳ ಮನೆಗೆ ಹಬ್ಬಕ್ಕೆ ಹೋದರೂ ಒಂದು ರಾತ್ರಿ ಉಳಿಯದೆ ಬಂದುಬಿಡುತ್ತಿದ್ದೆ.

ಇಷ್ಟರಲ್ಲಿ ನಮ್ಮ ಕಾರ್ಖಾನೆ ಜರ್ಮನಿಯಿಂದ ಒಂದು ಯಂತ್ರ ಕೊಂಡಿತು. ಅದನ್ನು ಹಡಗಿಗೆ ಹಾಕುವ ಮೊದಲು ಅಲ್ಲಿಗೇ ಹೋಗಿ ನೋಡಿ ಸಹಿ ಹಾಕಬೇಕಿತ್ತು. ಸ್ವತಃ ಮಾಲೀಕರೇ ಬರುತ್ತಾರೆಂದು ಯಂತ್ರದವರು ಬಿಸಿನೆಸ್ ಕ್ಲಾಸಿನ ಏರ್ಪಾಟು ಮಾಡಿದ್ದರು. ಹೊರಡುವ ಮುಂಚಿನ ವಾರ ಮಾಲೀಕರ ಸೊಂಟ ಹಿಡಿದುಕೊಂಡಿತು. 'ಹನುಮಂತರಾಯಪ್ಪ, ನೀವೇ ಹೋಗ್ಬಿಟ್ಟು ಬನ್ರೀ' ಎಂದರು. ಇದಕ್ಕೂ ನಾನು ಬೇಡ ಸಾರ್ ಎಂದೇ ಅಂದೆ. ಪುಣ್ಯಕ್ಕೆ ಅವರೂ ನಮ್ಮ ಪಕ್ಕದ ದೊಡ್ಡಬಳ್ಳಾಪುರದ ಕಡೆಯವರು. ಇನ್ನೂ ಎರಡು ಸಲ ಹೇಳಿದರು, ಹೊರಟೆ. ಬೆಂಗಳೂರಿನಿಂದ ಬೊಂಬಾಯಿಗೆ ಹೋಗಿ, ಅಲ್ಲಿ ದೊಡ್ಡ ವಿಮಾನ ಹತ್ತಿದಾಗ ಒಬ್ಬ ಗಗನಸಖಿ ನನ್ನ ಕೋಟನ್ನು ಮದುವೆ ಗಂಡಿನ ಕೋಟಿನಂತೆ ಎರಡು ಕೈಯಲ್ಲಿ ಇಸಿದುಕೊಂಡಳು. ನನ್ನ ಕೈಚೀಲವನ್ನೂ ಎಲ್ಲೋ ಜೋಪಾನವಾಗಿ ಇಟ್ಟುಬಿಟ್ಟಳು. ಅದರಲ್ಲಿ ನನ್ನ ಕೋಡುಬಳೆ ಇತ್ತು.

ಆ ಸೀಟಿನ ವರ್ಣನೆ ಮಾಡಲು ಹೋಗುವುದಿಲ್ಲ. ನಮ್ಮ ಬಸ್ಸಿನಲ್ಲಿ ಮೂರು ಜನ ಕೂರುವ ಜಾಗ, ಕಾಲು ಚಾಚಿದರೆ ಮುಂದಿನವನಿಗೆ ತಾಗುವುದಿಲ್ಲ, ಅಷ್ಟು ಸಾಕು. ಮುಂದಿನ ಸೀಟಿನ ಬೆನ್ನಿಗಿದ್ದ ಚೀಲದಲ್ಲಿ ಒಂದು ಹೊಳೆಯುವ ಕಾರ್ಡು ಇತ್ತು. ತಮ್ಮ ಸೇವೆಯ ಮಟ್ಟ ಹೇಗಿರುತ್ತದೆಂದು ಅದರಲ್ಲಿ ಬರೆದಿದ್ದರು. ಪ್ರಯಾಣಿಕರನ್ನು ಹೆಸರು ಹಿಡಿದು ಕರೆಯುತ್ತೇವೆ, ಗುಂಡಿ ಒತ್ತಿದ ಕೂಡಲೇ ಬರುತ್ತೇವೆ, ನಿಮ್ಮ ಇಷ್ಟವನ್ನು ಗೌರವಿಸುತ್ತೇವೆ, ಹೀಗೆ. ಪರೀಕ್ಷೆ ಮಾಡುವುದೇ ನನ್ನ ಕಸುಬಾದ್ದರಿಂದ ಆ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕಲಮನ್ನು ತಾಳೆ ನೋಡತೊಡಗಿದೆ.

ಮೊದಲನೆಯದು ಪಾಸಾಯಿತು. ಆ ಗಗನಸಖಿ ಬಗ್ಗಿ 'ಮಿಸ್ಟರ್ ರಾಯಪ್ಪ' ಎಂದಳು. ಹನುಮಂತನನ್ನು ಬೊಂಬಾಯಿಯಲ್ಲೇ ಇಳಿಸಿ ರಾಯಪ್ಪನನ್ನು ಮಾತ್ರ ಕರೆದುಕೊಂಡು ಹೊರಟಿದ್ದರು. ಆದರೂ ನನಗೆ ಒಳಗೊಳಗೇ ಏನೋ ಆಯಿತು. ಕಾರ್ಖಾನೆಯಲ್ಲಿ ನಾನು 'ಸಾರ್', ಬೀದಿಯಲ್ಲಿ 'ಒಬ್ಬರೇ ಇರ್ತಾರಲ್ಲ, ಅವರು'. ಗಂಗಮ್ಮನಂತೂ ಗಂಡನ ಹೆಸರು ಹೇಳಿದವಳೇ ಅಲ್ಲ, 'ಇಲ್ನೋಡಿ' ಎಂದೇ ಆಯಸ್ಸು ಕಳೆದಳು. ಒಬ್ಬ ಹೆಣ್ಣುಮಗಳು ನನ್ನ ಹೆಸರನ್ನು ಅರ್ಧವಾದರೂ ಇಷ್ಟು ಅಕ್ಕರೆಯಿಂದ ಕರೆದದ್ದು ನನ್ನ ತಾಯಿ ಸತ್ತ ಮೇಲೆ ಅದೇ ಮೊದಲು. ಆ ಅಕ್ಕರೆಯಲ್ಲೇ ಅವಳು ಹಣ್ಣಿನ ರಸ ಬೇಕೇ ಎಂದು ಕೇಳಿದಳು. ನಾನೂ ಅಷ್ಟೇ ಅಕ್ಕರೆಯಿಂದ 'ನೋ ನೋ' ಎಂದು ತಲೆಯಾಡಿಸಿ, ಕೈ ಅರ್ಧ ಮುಂದೆ ಚಾಚಿಕೊಂಡು ಕಾದೆ. ಅವಳು ನಕ್ಕು ಮುಂದಿನ ಸೀಟಿಗೆ ಹೋದಳು. ಚಾಚಿದ ಕೈಯನ್ನು ಏನಾದರೂ ಮಾಡಬೇಕಲ್ಲ, ಕಿಟಕಿಯ ಪರದೆ ಸರಿ ಮಾಡಿದೆ.

ಬಿಸಿ ಟವೆಲ್ಲು ಬಂತು, ನೋ ನೋ. ಹುರಿದ ಗೋಡಂಬಿ ಬಂತು, ನೋ ಥ್ಯಾಂಕ್ಯೂ. ಆಮೇಲೆ ಬಿಳಿ ಬಟ್ಟೆ ಹಾಸಿದ ಗಾಡಿಯಲ್ಲಿ ಊಟವೇ ಬಂತು. ಬೆಳಗಿನಿಂದ ನಾನು ತಿಂದದ್ದು ಮೆಜೆಸ್ಟಿಕ್ಕಿನ ಎರಡು ಇಡ್ಲಿ. ಅವಳು ಮೊಣಕಾಲೂರಿ ಕುಳಿತು, ಅನ್ನ ಇದೆ, ಪಲ್ಯ ಇದೆ, ಪನೀರಿದೆ, ಏನು ಕೊಡಲಿ ಎಂದಳು. ಅಷ್ಟು ಮರ್ಯಾದೆಯಾಗಿ ಕೇಳಿದವರಿಗೆ ಒಂದೇ ಏಟಿಗೆ ಹ್ಞೂ ಎಂದುಬಿಟ್ಟರೆ ನನ್ನನ್ನು ಹುಟ್ಟಿಸಿದವರು ಏನಂದುಕೊಂಡಾರು? 'ನೋ, ಐ ಆಮ್ ಫುಲ್' ಎಂದು ಹೊಟ್ಟೆಯ ಮೇಲೆ ಕೈಯಾಡಿಸಿ ತೋರಿಸಿದೆ. ಅವಳು ಮುಖ ಸಣ್ಣಗೆ ಮಾಡಿಕೊಂಡು, ಆಗಲಿ ಎಂದು ಗಾಡಿ ತಳ್ಳಿಕೊಂಡು ಹೋದಳು. ಪಕ್ಕದ ಸೀಟಿನ ಬೊಂಬಾಯಿಯ ವ್ಯಾಪಾರಸ್ಥರು ಎಲ್ಲಕ್ಕೂ ಹೌದು ಹೌದು ಎಂದು ಮೂರು ತಟ್ಟೆ ಹರವಿಕೊಂಡಿದ್ದರು.

ಕಾರ್ಡಿನಲ್ಲಿ ಗುಂಡಿಯ ಕಲಮಿತ್ತಲ್ಲ, ಧೈರ್ಯ ಮಾಡಿ ಒತ್ತಿದೆ. ಅರೆಕ್ಷಣದಲ್ಲಿ ಬಂದಳು. 'ಯೆಸ್ ಮಿಸ್ಟರ್ ರಾಯಪ್ಪ?' ಅವಳ ಮುಖ ನೋಡಿದ ಕೂಡಲೇ, ಪಾಪ, ಈಗ ತಾನೇ ಎಲ್ಲರಿಗೂ ಬಡಿಸಿ ಸುಸ್ತಾಗಿದ್ದಾಳೆ ಎನ್ನಿಸಿತು. ಗಂಟೆ ಎಷ್ಟು ಎಂದು ಕೇಳಿದೆ. ಹೇಳಿ ಹೋದಳು. ಹೊಟ್ಟೆ ಮತ್ತೆ ಕೂಗಿತು, ಮತ್ತೆ ಒತ್ತಿದೆ, ಮತ್ತೆ ಬಂದಳು. ಈ ಸಲ ಜರ್ಮನಿಯಲ್ಲಿ ಗಂಟೆ ಎಷ್ಟು ಎಂದು ಕೇಳಿದೆ. ನನ್ನ ಕೈಯಲ್ಲಿ ಗಡಿಯಾರವಿದ್ದದ್ದನ್ನು ಅವಳು ನೋಡಿದಳು, ನೋಡದವಳಂತೆ ಎರಡೂ ಊರಿನ ಸಮಯವನ್ನು ಒಂದು ಚೀಟಿಯಲ್ಲಿ ಮುದ್ದಾಗಿ ಬರೆದು ತಂದುಕೊಟ್ಟಳು. ಸೇವೆಯಲ್ಲಿ ಒಂದೇ ಒಂದು ಕುಂದು ತೆಗೆಯುವಂತಿರಲಿಲ್ಲ. ನಾನು ಹಸಿದುಕೊಂಡು ಎರಡು ದೇಶದ ಗಂಟೆ ನೋಡುತ್ತಾ ಕುಳಿತೆ.

ಪಕ್ಕದವರಿಗೆ ಇದೆಲ್ಲ ಕಾಣುತ್ತಿತ್ತು. ಅವರ ಹಿಂದಿಗೆ ನನ್ನ ಸಂತೆಯ ಉರ್ದು ಸೇರಿಸಿ ಮಾತಾಡಿದೆವು. ನಾನು ನಮ್ಮೂರಿನ ಮೂರು ಬೇಡಗಳ ಕಥೆ ಹೇಳಿದಾಗ ಅವರು ಹೊಟ್ಟೆ ಕುಲುಕಿಸಿ ನಕ್ಕು, 'ಇವರಿಗೆ ತರಬೇತಿ ಕೊಟ್ಟಿರುತ್ತಾರೆ ಸಾಹೇಬರೇ. ಬೇಡ ಅಂದವರನ್ನು ಮತ್ತೆ ಕೇಳಿದರೆ ಅವರಿಗೆ ಮರ್ಯಾದೆ ಕೊಡದ ಹಾಗೆ' ಎಂದರು. ಆಮೇಲೆ ಅವರು ನಿದ್ದೆಹೋದರು. ನನಗೆ ನಿದ್ದೆ ಬರಲಿಲ್ಲ. ಮತ್ತೆ ಕೇಳದಿರುವುದೂ ಒಂದು ಮರ್ಯಾದೆ ಎಂಬುದು ಐವತ್ತು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ಸುಜಾತ ಕಾಲೇಜು ಓದಿದವಳು, ತಂದೆಯ ಮಾತಿಗೆ ಬೆಲೆ ಕೊಡುವವಳು. ಬಸ್ಸಿನ ಕಿಟಕಿಯಲ್ಲಿ ಕುಳಿತು ಅವಳು ನನಗೆ ತೋರಿಸಿದ್ದೂ ಮರ್ಯಾದೆಯೇ ಇದ್ದೀತಲ್ಲವೇ? ನಾನು ಅದನ್ನು ಬೇರೆ ಏನೋ ಎಂದುಕೊಂಡು ಮೂರು ವರ್ಷ ಮುಖ ಬಿಗಿದುಕೊಂಡು ಓಡಾಡಿದ್ದೆ. ಮೋಡದ ಮೇಲೆ ಕುಳಿತು ನನಗೆ ಅಳು ಬಂತು. ಗಗನಸಖಿ ಆಗಲೂ ಬಂದು, ಏನಾದರೂ ಬೇಕೇ ಮಿಸ್ಟರ್ ರಾಯಪ್ಪ ಎಂದಳು. ನಾನು ಏನೂ ಬೇಡ ಎಂದೆ.

ಇಳಿಯುವ ಮುಂಚೆ ಅಭಿಪ್ರಾಯ ಬರೆಯಲು ಒಂದು ಹಾಳೆ ಕೊಟ್ಟರು. ಕಲಮುಗಳನ್ನು ಖಾಲಿ ಬಿಡುವುದು ನನ್ನ ಕೈಯಲ್ಲಿ ಆಗದ ಕೆಲಸ. ಎಲ್ಲಕ್ಕೂ ಅತ್ಯುತ್ತಮ ಎಂದು ಗುರುತು ಹಾಕಿದೆ. ಸಲಹೆ ಎಂಬಲ್ಲಿ, ದಯಮಾಡಿ ಇನ್ನೊಂದು ಸಲ ಕೇಳಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಅದನ್ನು ಓದಿ ಅವಳು ಗಾಬರಿಯಾಗಿ ಬಂದು, ಏನನ್ನು ಕೇಳಬೇಕಿತ್ತು ಎಂದಳು. ಏನಿಲ್ಲ, ಸುಮ್ಮನೆ ಬರೆದೆ ಎಂದೆ.

ಯಂತ್ರ ನೋಡಿ ಸಹಿ ಹಾಕಿ ವಾಪಸ್ಸು ಬರುವಾಗ ಹಠ ತೊಟ್ಟು, ಕೇಳಿದ್ದಕ್ಕೆಲ್ಲ ಮೊದಲ ಸಲವೇ ಯೆಸ್ ಎಂದೆ. ಮೂರು ಬಗೆಯ ರಸ ಬಂತು, ಬೂಷ್ಟು ಹಿಡಿದಿದ್ದ ಗಿಣ್ಣಿನಂಥದೇನೋ ಬಂತು, ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಬಂತು. ಎಲ್ಲವನ್ನೂ ತಿಂದೆ, ಪಟ್ಟಿಯನ್ನು ಮಾತ್ರ ಕಟ್ಟಿಕೊಂಡೆ. ಹೊಟ್ಟೆ ತುಂಬಿತು, ಯಾರೂ ಬಲವಂತ ಮಾಡಲಿಲ್ಲ ಎನ್ನುವ ಕೊರತೆ ಮಾತ್ರ ಹಾಗೇ ಉಳಿಯಿತು. ಆದರೂ ಅಭ್ಯಾಸವಾಯಿತಲ್ಲ ಎಂಬ ಧೈರ್ಯದಲ್ಲಿ ಮುಂದಿನ ಭಾನುವಾರವೇ ಚಾಕೊಲೇಟಿನ ಡಬ್ಬಿ ಹಿಡಿದು ಸಮೇತನಹಳ್ಳಿಗೆ ಹೋದೆ.

ಅಳಿಯ ತೋಟದಲ್ಲಿದ್ದ. ಸುಜಾತ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದವಳು 'ಊಟ ಆಯ್ತೇನಪ್ಪ?' ಎಂದಳು.

'ಇಲ್ಲ. ಹಸಿವಾಗಿದೆ. ಹಾಕು' ಎಂದೆ.

ಅವಳು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲವೆಂದು ಗೊತ್ತಾದ ಮೇಲೆ ಒಲೆ ಹಚ್ಚಿದಳು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಉಣ್ಣುತ್ತಾ ವಿಮಾನದ ಕಥೆಯನ್ನೆಲ್ಲ ಹೇಳಿದೆ. ಎರಡು ದೇಶದ ಗಂಟೆ ಬರೆದ ಚೀಟಿಯ ಸಂಗತಿಗೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಿದ್ದವಳು ಹಾಗೇ ನಿಲ್ಲಿಸಿ, 'ಅಪ್ಪ, ಅಮ್ಮನ ಕಾರ್ಯ ಆದ್ಮೇಲೆ ನಾನು ಬಂದ್ಬಿಡು ಅಂದಾಗ ಬೇಡ ಅಂದ್ಯಲ್ಲ. ಅದೂ ಇದೇ ಬೇಡಾನಾ?' ಎಂದಳು.

'ಇನ್ನೊಂದ್ಸಲ ಕೇಳ್ತೀಯ ಅಂದ್ಕೊಂಡಿದ್ದೆ ಕಣಮ್ಮ.'

'ನಮ್ಮನೆ ಚಿಕ್ಕದು, ನಿನಗೆ ಸರಿಹೋಗಲ್ಲ ಅದಕ್ಕೇ ಬೇಡ ಅಂತಿದೀಯ ಅಂದ್ಕೊಂಡು ಬಾಯಿ ಮುಚ್ಕೊಂಡೆ. ಬಸ್ಸಲ್ಲಿ ಹೊಸಕೋಟೆ ತನಕ ಅತ್ಕೊಂಡೇ ಬಂದೆ.' ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. 'ಅಮ್ಮ ಬಲವಂತ ಮಾಡಿ ಮಾಡೀನೇ ನಿನ್ನ ಹಿಂಗ್ ಮಾಡಿಟ್ಟಿದ್ದು. ನಾನು ಹಂಗೆ ಮಾಡಲ್ಲ. ಇದು ಎರಡನೇ ಸಲ, ನೆನಪಿಟ್ಕೋ. ಮೂರನೇದು ಇಲ್ಲ. ಬರ್ತೀಯಾ?'

ಇದಕ್ಕೇ ಅಲ್ಲವೇ ನಾನು ಅಲ್ಲಿಗೆ ಹೋದದ್ದು? ಬರುತ್ತೇನೆ ಎಂಬ ಮಾತು ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ ನನ್ನ ಬಾಯಿ, 'ನೋಡೋಣ ಬಿಡಮ್ಮ, ನಿಮಗ್ಯಾಕೆ ಸುಮ್ನೆ ತೊಂದ್ರೆ' ಎಂದಿತು.

ಸುಜಾತ ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಸಂಜೆಯ ಬಸ್ಸಿನ ಹೊತ್ತಿನವರೆಗೂ ಜಗಲಿಯ ಮೇಲೆ ಕುಳಿತು ಮಿಕ್ಕ ಅವರೆಕಾಯಿಯನ್ನೆಲ್ಲ ಸುಲಿದೆ. ಅವಳು ಬಸ್ಸಿನವರೆಗೂ ಬಂದಳು, ಹುಷಾರು ಎಂದಳು, ಆಡಿದ ಮಾತಿನಂತೆ ಮತ್ತೆ ಕೇಳಲಿಲ್ಲ. ಬಸ್ಸು ಇನ್ನೂ ಊರು ದಾಟಿರಲಿಲ್ಲ, ಕಂಡಕ್ಟರು ಬಂದು 'ಎಲ್ಲಿಗೆ ಯಜಮಾನ್ರೇ?' ಎಂದ. ಹೊಸಕೋಟೆ ಎಂದು ತಟ್ಟನೆ ಹೇಳಿದೆ. ಅವನು ಟಿಕೆಟ್ಟು ಹರಿದುಕೊಟ್ಟು ಹಿಂದಿನ ಸೀಟಿಗೆ ಹೋದ. ಅವನಾದರೂ ಇನ್ನೊಂದು ಸಲ ಕೇಳಿದ್ದಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.