ಹಸಿರಿನ ಅಡಿಯ ಕೆಂಪು

ಹಲ್ಲಿನ ಡಾಕ್ಟರಿಗೆ ಕಷ್ಟ ಶುರುವಾದದ್ದು ಗೋಡೆಯಿಂದ. ಎದುರು ಸಾಲಿನಲ್ಲಿ ಹೊಸ ಕ್ಲಿನಿಕ್ಕೊಂದು ತೆರೆದ ಮೇಲೆ ಇವರ ಬೆಂಚು ಖಾಲಿ ಹೊಡೆಯುತ್ತಿತ್ತು. ರೋಗಿಗಳು ಕೂರುವ ಕೋಣೆಗೆ ಕಳೆ ಬಂದರೆ ಜನರೂ ಬಂದಾರು ಎಂದು ಹೆಂಡತಿಯ ತಮ್ಮನನ್ನು ಕರೆಸಿ, ಗೋಡೆತುಂಬ ಗದ್ದೆ, ಗುಡ್ಡ, ಮರ ಬರೆಸಿದರು. ಹಸಿರೆಲ್ಲ ಬೇಯಿಸಿ ಮರೆತ ಸೊಪ್ಪಿನಂತೆ ಮಂಕಾಗಿ ಕೂತಿತು.

"ಬಿಳಿ ಮೇಲೆ ಹಸಿರು ಸಾಯುತ್ತೆ ಭಾವ. ಇದನ್ನ ಅಳಿಸಿ ಅಡಿಗೆ ಕೆಂಪು ಬಳೀತೀನಿ, ಆಮೇಲೆ ನೋಡಿ."

ಡಾಕ್ಟರಿಗೆ ತರ್ಕ ಹಿಡಿಸಿತು. ಕೆಂಪನ್ನು ದಿಟ್ಟಿಸಿದ ಕಣ್ಣು ಹಸಿರಿಗೆ ಹಾತೊರೆಯುತ್ತದೆ. ಆಪರೇಷನ್ ಕೋಣೆಯ ಬಟ್ಟೆ ಹಸಿರಾಗಿರಲು ಅದೂ ಒಂದು ಕಾರಣವೆಂದು ಕಾಲೇಜಿನಲ್ಲಿ ಓದಿದ್ದರು. ಆದರೆ ಹಲ್ಲು ಕೀಳುವ ಜಾಗದ ಗೋಡೆ ಅರ್ಧ ದಿನ ಕೆಂಪಗಿದ್ದರೆ ಏನಾದೀತೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ದವಡೆ ಹಿಡಿದುಕೊಂಡ ಅಜ್ಜಿಯೊಬ್ಬರು ಬಾಗಿಲು ತಳ್ಳಿದರು. ಗೋಡೆಯಿಂದ ಕೆಂಪು ಇಳಿಯುತ್ತಿತ್ತು. ಭಾವಮೈದುನ ಮೊಣಕೈವರೆಗೂ ಕೆಂಪಾಗಿ ನಿಂತಿದ್ದ.

"ಬನ್ನಿ ಅಜ್ಜಿ, ಡಾಕ್ಟ್ರು ಒಳಗಿದಾರೆ."

"ಬೇಡಪ್ಪ, ಇರೋ ನಾಲ್ಕು ಹಲ್ಲು ಇರ್ಲಿ!" ಎಂದ ಅಜ್ಜಿ ಹುಡುಗಿಯಂತೆ ಮೆಟ್ಟಿಲಿಳಿದರು.

ಪಕ್ಕದ ಟೈಲರ್ ಇಣುಕಿದ. "ಏನ್ ಡಾಕ್ಟ್ರೇ, ಒಂದು ಹಲ್ಲಿಗೆ ಇಷ್ಟಾ?"

"ಅದು ಪೇಂಟು ಕಣಯ್ಯಾ!"

"ಗೊತ್ತು ಬಿಡಿ. ರಕ್ತ ಅಲ್ಲ ಅಂತ ಬೀದಿಗೆಲ್ಲ ನಾನೇ ಹೇಳಿಬರ್ತೀನಿ."

ಹೇಳಿಯೂ ಬಂದ. ಎರಡನೆಯ ತಿರುವು ದಾಟುವಷ್ಟರಲ್ಲಿ 'ಅಲ್ಲ' ಉದುರಿ 'ರಕ್ತ' ಮಾತ್ರ ಉಳಿಯಿತು. ಮಧ್ಯಾಹ್ನಕ್ಕೆ ಆಂಬುಲೆನ್ಸ್ ಬಂದು ನಿಂತಿತು.

"ಪೆಟ್ಟಾಗಿರೋದು ಯಾರಿಗೆ ಸಾರ್?"

"ನನ್ನ ಕಸುಬಿಗೆ" ಎಂದ ಡಾಕ್ಟರು ಒಳಗೋಡಿದರು. "ಆ ಕೆಂಪನ್ನ ಬೇಗ ಮುಚ್ಚೋ, ನಾನು ಕ್ಲಿನಿಕ್ ಮುಚ್ಚೋಕೆ ಮುಂಚೆ!"

"ಒಣಗ್ಬೇಕು ಭಾವ. ಹಸಿ ಕೆಂಪಿನ ಮೇಲೆ ಹಸಿರು ಬಳಿದ್ರೆ ಸೆಗಣಿ ಬಣ್ಣ ಬರುತ್ತೆ."

ಡಾಕ್ಟರು ಹಳೆಯ ಎಕ್ಸ್‌ರೇ ಹಾಳೆ ಹಿಡಿದು ಗೋಡೆಗೆ ಗಾಳಿ ಹಾಕತೊಡಗಿದರು.

ಇಳಿಹೊತ್ತಿಗೆ ಕುಂಚ ಮತ್ತೆ ಗೋಡೆಗೇರಿತು. ಹುಡುಗ ಹಸಿರನ್ನು ಒತ್ತೊತ್ತಾಗಿ ಬಳಿಯಲಿಲ್ಲ. ಪೈರಿನ ನಡುವೆ ಬೇಕೆಂದೇ ಸಣ್ಣ ಸಂದು ಬಿಟ್ಟ. ಅಲ್ಲೆಲ್ಲ ಕೆಂಪು ಇಣುಕಿ, ಗದ್ದೆ ಆಗತಾನೆ ಮಿಂದೆದ್ದಂತೆ ಹೊಳೆಯಿತು. ಮರದ ಅಂಚಿಗೆ ಸಂಜೆಬಿಸಿಲು ತಾನಾಗಿಯೇ ಬಂದು ಕೂತಿತು. ಬೇರೆಯವರ ಬಾಯಿ ತೆರೆಸಿಯೇ ಬದುಕುತ್ತಿದ್ದ ಡಾಕ್ಟರು ತಾವೇ ಬಾಯಿ ತೆರೆದು ನಿಂತರು.

"ಎಲಾ ಇವನ!" ಎಂದ ಟೈಲರ್, ಮತ್ತೆ ಬೀದಿಗೆ ಓಡಿದ.

ದೀಪ ಹಚ್ಚುವ ಹೊತ್ತಿಗೆ ಬೆಂಚು ತುಂಬಿತ್ತು. ಜಾಗ ಸಾಲದೆ ಕೆಲವರು ನಿಂತಿದ್ದರು. ಡಾಕ್ಟರು ಕೈ ತೊಳೆದು, ಬಿಳಿ ಕೋಟು ತೊಟ್ಟು, ಮದುವಣಿಗನ ಹಾಗೆ ಹೊರಬಂದರು.

"ಯಾರು ಮೊದಲು?"

ಯಾರೂ ಅಲುಗಲಿಲ್ಲ. ಊದಿದ ಕೆನ್ನೆಗೆ ಟವೆಲ್ ಕಟ್ಟಿಕೊಂಡ ಬಸ್ ಡ್ರೈವರನ ಮುಂದೆ ಡಾಕ್ಟರೇ ಹೋಗಿ ನಿಂತರು. "ನೀವು ಬನ್ನಿ, ತುಂಬ ನೋಯ್ತಿರ್ಬೇಕು."

"ನೋಯ್ತಿತ್ತು ಡಾಕ್ಟ್ರೇ. ಇಲ್ಲಿ ಕೂತ್ಮೇಲೆ ನೋವೇ ಮರ್ತುಹೋಯ್ತು" ಎಂದ ಡ್ರೈವರ್, ಕತ್ತು ಓರೆಮಾಡಿ. "ನೀವು ಸ್ವಲ್ಪ ಪಕ್ಕಕ್ಕೆ ಸರೀರಿ, ಆ ಮರ ಕಾಣ್ತಿಲ್ಲ."