ರೇಸಿಗೆ ಹೊರಟ ಕಿವಿಗಳು

ಹನ್ನೆರಡು ವರ್ಷ ಟಿವಿಯಲ್ಲಿ ನೋಡಿದ್ದು ಸಾಕು, ಈ ಸಲ ಕಾರ್ ರೇಸನ್ನು ಟ್ರ್ಯಾಕಿನ ಪಕ್ಕದಲ್ಲೇ ಕೂತು ನೋಡುವುದು, ಅದನ್ನೂ ಹೆಂಡತಿಯನ್ನು ಕರೆದುಕೊಂಡು ಹೋಗಿಯೇ ನೋಡುವುದು ಎಂದು ಕಿವಿರಾಯರು ಘೋಷಿಸಿದರು. ಘೋಷಣೆಗೆ ಸಭಿಕಳೆಂದು ಇದ್ದವಳು ಹೆಂಡತಿ ಒಬ್ಬಳೇ. ಅವಳು ಬಟ್ಟೆ ಮಡಚುತ್ತಿದ್ದಳು. ಯೋಜನೆ ಎಂದರೆ ಏನೆಂದು ಈ ಮನೆ ಇದುವರೆಗೂ ಕಂಡಿಲ್ಲ, ಇನ್ನು ಮೇಲೆ ಕಾಣುತ್ತದೆ ಎಂದೂ ಅವರು ಸೇರಿಸಿದರು. ಹೆಂಡತಿ ಒಂದು ದುಪ್ಪಟಿಯ ಎರಡು ತುದಿ ಕೂಡಿಸಿ ಗದ್ದಕ್ಕೆ ಒತ್ತಿ ಹಿಡಿದು ಕೇಳಿದಳು:

"ಅಲ್ಲಿ ಕೂತ್ಕೊಂಡು ನೋಡೋದಾ, ನಿಂತ್ಕೊಂಡಾ?"

"ಕೂತ್ಕೊಂಡು. ನಂಬರ್ ಹಾಕಿರೋ ಸೀಟು."

"ಹಾಗಾದ್ರೆ ಬರ್ತೀನಿ."

ಹದಿನೆಂಟು ವರ್ಷದಿಂದ ಫ್ರಿಜ್ಜಿನ ಬಾಗಿಲು ಮಾಡುವ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ದಿನಕ್ಕೆ ಎಂಟು ಗಂಟೆ ನಿಂತು, ಯಂತ್ರದ ಬಾಯಿಗೆ ತಗಡು ಕೊಟ್ಟು ತಗಡು ತೆಗೆಯುತ್ತಿದ್ದ ಹೆಂಗಸು ಅವಳು. ಕೂರುವುದೇ ಅವಳಿಗೆ ಪ್ರವಾಸ.

ಕಿವಿರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅದೇ ಕಾರ್ಖಾನೆಯ ಆಸ್ಪತ್ರೆಯಲ್ಲಿ ಅವರು ಹದಿನಾಲ್ಕು ವರ್ಷದಿಂದ ಕೆಲಸಗಾರರ ಕಿವಿ ಪರೀಕ್ಷಿಸುವ ಹುದ್ದೆಯಲ್ಲಿದ್ದರು. ಗಾಜಿನ ಕಿಟಕಿಯ ಆ ಕಡೆ ಕೆಲಸಗಾರ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಈ ಕಡೆ ಇವರು ಗುಂಡಿ ಒತ್ತಬೇಕು. ಕಿವಿಯಲ್ಲಿ ಸಣ್ಣಗೆ 'ಕೂಂ' ಎಂದರೆ ಅವನು ಬೆರಳೆತ್ತಬೇಕು. ಪ್ರೆಸ್ ಶಾಪಿನ ಎಂಬತ್ತೆರಡು ಜನರೂ ಪ್ರತಿ ವರ್ಷ ಒಂದೂ ತಪ್ಪದೆ ಬೆರಳೆತ್ತುತ್ತಿದ್ದರು. ಅವರೆಲ್ಲರ ಹೆಸರಿನ ಮುಂದೆ ಇವರು ದುಂಡಗಿನ ಅಕ್ಷರದಲ್ಲಿ 'ಸಾಮಾನ್ಯ' ಎಂದು ಬರೆಯುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ತಮ್ಮ ಕಣ್ಣಿಗೆ ಮಣ್ಣೆರಚಿದ ಕಿವಿ ಒಂದೂ ಇಲ್ಲ ಎಂಬುದು ಅವರ ಹೆಮ್ಮೆ.

ರೇಸ್ ಇದ್ದದ್ದು ಭಾನುವಾರ, ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದಲ್ಲಿ. ಶನಿವಾರ ಮತ್ತು ಸೋಮವಾರ ರಜೆ ಬೇಕಿತ್ತು. ಹೆಂಡತಿಯ ರಜೆಗೆ ಶಾಪಿನ ಮೇಸ್ತ್ರಿ ಒಪ್ಪಿಯಾಗಿತ್ತು, ಇವರದ್ದಕ್ಕೆ ಮ್ಯಾನೇಜರ ಸಹಿ ಬೇಕಿತ್ತು. ಮ್ಯಾನೇಜರು ರಜೆ ಚೀಟಿಯನ್ನು ಓದಿ, ಮಡಚಿ, ಪೇಪರ್‌ವೇಟಿನ ಕೆಳಗಿಟ್ಟರು. ಈ ವರ್ಷದ ಕಿವಿ ಪಟ್ಟಿ ಗುರುವಾರದೊಳಗೆ ಬಂದುಬಿಟ್ಟರೆ ಆಯಿತು, ಎಂದಿನಂತೆ ಇದ್ದರೆ ಅಲ್ಲೇ ಸಹಿ ಹಾಕುತ್ತೇನೆ ಎಂದರು. 'ಎಂದಿನಂತೆ' ಎಂಬ ಪದವನ್ನು ಅವರು ಒತ್ತಿ ಹೇಳಲಿಲ್ಲ. ಒತ್ತಿ ಹೇಳುವ ಅಗತ್ಯ ಯಾರಿಗಿತ್ತು?

ಮನೆಯಲ್ಲಿ ತಾಲೀಮು ಶುರುವಾಯಿತು. ಕಿವಿರಾಯರು ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಟ್ರ್ಯಾಕ್ ಬರೆದರು. ಸೋಫಾದ ಕಾಲು ಎರಡನೇ ತಿರುವು, ಚಪ್ಪಲಿ ಗೂಡು ಕಾರು ರಿಪೇರಿ ಮಾಡುವ ಜಾಗ. ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ಎಡದಿಂದ ಬಲಕ್ಕೆ ತಲೆ ತಿರುಗಿಸುವ ಅಭ್ಯಾಸವನ್ನು ಹೆಂಡತಿಗೆ ಮಾಡಿಸಿದರು. ತಡವಾಗಿ ತಿರುಗಿಸಿದರೆ ಕಾರು ಹೋಗಿಬಿಟ್ಟಿರುತ್ತದೆ, ಬೇಗ ತಿರುಗಿಸಿದರೆ ಬಂದಿರುವುದಿಲ್ಲ. ಒಂದು ಕಾರು ನಮ್ಮ ಸೀಟಿನ ಎದುರು ಇರುವುದು ಎರಡು ಸೆಕೆಂಡು, ಸುತ್ತು ಅರವತ್ತು. ಹೆಂಡತಿ ಬಾಯಲ್ಲೇ ಲೆಕ್ಕ ಹಾಕಿದಳು.

"ಎರಡು ನಿಮಿಷ ನೋಡೋಕೆ ಎರಡು ದಿನ ರಜೆನಾ?"

ಉಳಿದ ಒಂದೂವರೆ ಗಂಟೆ ಕೇಳುವುದು ಎಂದು ಕಿವಿರಾಯರು ಗುರುವಿನ ಸಹನೆಯಿಂದ ತಿಳಿಹೇಳಿದರು. ರೇಸೆಂದರೆ ಕಣ್ಣಿನ ಆಟವೆಂದು ತಿಳಿದವರು ಟಿವಿಯವರು. ಅದು ಕಿವಿಯ ಆಟ. ಕಾರು ಕಾಣುವ ಮೊದಲೇ ಸದ್ದು ಎದೆಗೆ ಬಂದು ಬಡಿಯುತ್ತದಂತೆ. ಆ ಸದ್ದನ್ನು ಅವಳಿಗೆ ಕೇಳಿಸಬೇಕೆಂಬುದೇ ಅವರ ಹನ್ನೆರಡು ವರ್ಷದ ಆಸೆ. ಒಂದು ಒಳ್ಳೆಯದನ್ನು ಒಬ್ಬನೇ ಅನುಭವಿಸಿ ಗೊತ್ತಿಲ್ಲದ ಗಂಡಸು ಅವರು. ಅಷ್ಟರಮಟ್ಟಿಗೆ ಒಳ್ಳೆಯವರೇ.

ಮರುದಿನ ಎರಡು ಹಳದಿ ಕಿವಿಗವಸು ಬಂದವು. ಚಳಿಯವಲ್ಲ, ಹೆಡ್‌ಫೋನಿನ ಹಾಗೆ ತಲೆಯ ಮೇಲಿಂದ ಇಳಿದು, ಗಟ್ಟಿ ಬಟ್ಟಲಿನಿಂದ ಕಿವಿ ಮುಚ್ಚುವಂಥವು. ರೇಸಿನ ಸದ್ದು ನೂರಿಪ್ಪತ್ತು ಡೆಸಿಬೆಲ್, ಬರಿಗಿವಿಯಲ್ಲಿ ಹೋದರೆ ಒಳಗಿನ ಸೂಕ್ಷ್ಮ ನರಗಳು ಸುಟ್ಟ ಹುಲ್ಲಿನಂತಾಗುತ್ತವೆ, ಮತ್ತೆ ಚಿಗುರುವುದಿಲ್ಲ ಎಂದು ಅವರು ಕಾಲು ಗಂಟೆ ಉಪನ್ಯಾಸ ಕೊಟ್ಟರು. ಹೆಂಡತಿ ಗವಸನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಮ್ಮ ಶಾಪಿಂದು ಎಷ್ಟು ರೀ?"

"ಎಪ್ಪತ್ತೆಂಟು, ಎಂಬತ್ತೈದರವರೆಗೂ ಭಯವಿಲ್ಲ. ನಾನೇ ಅಳತೆ ಮಾಡಿದ್ದು."

"ಎಷ್ಟು ಹೊತ್ತಿಗೆ?"

"ಮಧ್ಯಾಹ್ನ ಒಂದಕ್ಕೆ."

"ಒಂದಕ್ಕೆ ನಾವು ಊಟ ಮಾಡ್ತಿರ್ತೀವಲ್ರೀ."

"ಯಂತ್ರ ಓಡ್ತಿರುವಾಗ ಮೀಟರಿನ ಮುಳ್ಳು ಒಂದು ಕಡೆ ನಿಲ್ಲೋದಿಲ್ಲ ಕಣೇ. ಅಳೆಯೋದು ಹೇಗೆ?"

ಈ ಉತ್ತರವನ್ನು ಅವರು ನಗದೆ ಕೊಟ್ಟರು. ಕಾರ್ಖಾನೆಯಲ್ಲೂ ಹದಿನಾಲ್ಕು ವರ್ಷ ಯಾರೂ ನಗದೆಯೇ ಕೇಳಿಸಿಕೊಂಡಿದ್ದರು. ಊಟದ ಹೊತ್ತಿನಲ್ಲಿ ಅಳೆದ ಸದ್ದನ್ನು ಎಂಟು ಗಂಟೆಯ ಸದ್ದೆಂದು ದಾಖಲಿಸುವುದಕ್ಕೆ ಕಚೇರಿಗಳಲ್ಲಿ 'ಕ್ರಮ' ಎನ್ನುತ್ತಾರೆ. ಬೇರೆ ಕಡೆ ಅದಕ್ಕೆ ಬೇರೆ ಹೆಸರಿದೆ.

ಗವಸಿನ ಮಹಿಮೆಯನ್ನು ಸಪ್ರಮಾಣವಾಗಿ ತೋರಿಸಬೇಕೆಂದು ಕಿವಿರಾಯರು ರೇಸಿಗೆ ಒಂದು ವಾರ ಮೊದಲಿನ ಭಾನುವಾರ ಬೆಳಿಗ್ಗೆ ಆಸ್ಪತ್ರೆಯ ಪುಟ್ಟ ಪರೀಕ್ಷಾ ಪೆಟ್ಟಿಗೆಯನ್ನೇ ಮನೆಗೆ ತಂದರು. ಹೆಡ್‌ಫೋನ್ ಕಳಚಿ ಅದರ ಜಾಗಕ್ಕೊಂದು ಸ್ಪೀಕರ್ ಸಿಕ್ಕಿಸಿದರು. ಕಿಟಕಿಗೆ ರಜಾಯಿ ಕಟ್ಟಿದರು. ಫ್ಯಾನ್ ಆರಿಸಿದರು. ಆ ಕೋಣೆಯ ಏಕೈಕ ಪ್ಲಗ್ ಪಾಯಿಂಟು ಕಪಾಟಿನ ಹಿಂದಿತ್ತಾದ್ದರಿಂದ ಅವರು ಹೆಂಡತಿಯ ಬೆನ್ನ ಹಿಂದೆ ಕೂರಬೇಕಾಯಿತು, ಅವಳು ಗೋಡೆ ನೋಡುತ್ತ ಕೂತಳು.

ಮೊದಲು ಗವಸು ಹಾಕಿ. ಆರು ಸಲ ಗುಂಡಿ ಒತ್ತಿದರು. ಒಂದು ಬೆರಳೂ ಏಳಲಿಲ್ಲ. ಕಿವಿರಾಯರು ತೃಪ್ತಿಯಿಂದ ಎದ್ದು ಬಂದು, ಪ್ರಶಸ್ತಿ ಹಿಂಪಡೆಯುವವರ ಹಾಗೆ ಗವಸನ್ನು ಅವಳ ತಲೆಯಿಂದ ಇಳಿಸಿದರು. ಈಗ ಬರಿಗಿವಿ. ಮತ್ತೆ ಆರು ಸಲ ಒತ್ತಿದರು. ಗೋಡೆಯ ಮೇಲೆ ಒಂದು ಇರುವೆ ಹತ್ತಿ ಇಳಿಯಿತು. ಬೆರಳು ಏಳಲಿಲ್ಲ.

"ನಿದ್ದೆ ಬಂತೇನೇ?" ಎಂದು ಮುಂದೆ ಬಗ್ಗಿ ಅವಳ ಮುಖ ನೋಡಿ ಕೇಳಿದರು.

"ಇಲ್ಲ. ನೀವು ಶುರು ಮಾಡ್ಲಿ ಅಂತ ಕಾಯ್ತಿದೀನಿ."

ಪೆಟ್ಟಿಗೆ ಕೆಟ್ಟಿದೆ ಎಂದು ಅವರು ತಾವೇ ಕೇಳಿ ನೋಡಿದರು. 'ಕೂಂ' ಎಂದಿತು. ಸದ್ದು ಏರಿಸಿದರು, ಇನ್ನೂ ಏರಿಸಿದರು. ಪಕ್ಕದ ಮನೆಯವರು ಕೆಮ್ಮಿ ಕಿಟಕಿ ಮುಚ್ಚಿಕೊಂಡ ಮೇಲೆ ಹೆಂಡತಿಯ ಬೆರಳು ಎದ್ದಿತು. ಕೂರುವ ದಿಕ್ಕು ಸರಿಯಿಲ್ಲವೇನೋ ಎಂದು ಅವಳ ಕುರ್ಚಿಯನ್ನು ತಮ್ಮ ಕಡೆ ತಿರುಗಿಸಿ, ಸದ್ದನ್ನು ಮೊದಲಿನಷ್ಟೇ ತಗ್ಗಿಸಿ ಪುನಃ ಒತ್ತಿದರು. ಆಹಾ, ಆರಕ್ಕೆ ಆರು! ಪ್ರತಿ ಸಲವೂ ಒತ್ತಿದ ಕ್ಷಣಕ್ಕೇ ಬೆರಳು. ಕಿವಿರಾಯರು ಉಸಿರು ಬಿಟ್ಟರು. 'ಸಾಮಾನ್ಯ' ಎನ್ನಲು ಬಾಯಿ ತೆರೆದವರು ಹಾಗೇ ಕೆಳಗೆ ನೋಡಿದರು. ಕುರ್ಚಿ ತಿರುಗಿಸುವಾಗ ಕಾಲಿಗೆ ಸಿಕ್ಕಿ ಪ್ಲಗ್ಗು ಕಿತ್ತುಬಂದು ನೆಲದ ಮೇಲೆ ಬಿದ್ದಿತ್ತು. ಪೆಟ್ಟಿಗೆ ಸತ್ತಿತ್ತು. ಸತ್ತ ಪೆಟ್ಟಿಗೆಯ ಪರೀಕ್ಷೆಯಲ್ಲಿ ಹೆಂಡತಿ ನೂರಕ್ಕೆ ನೂರು ಅಂಕ ಪಡೆದಿದ್ದಳು.

ಅವಳಿಗೂ ಕಂಡಿತು. ಎತ್ತಿದ ಬೆರಳನ್ನು ನಿಧಾನವಾಗಿ ಮಡಿಲಿಗೆ ಇಳಿಸಿಕೊಂಡಳು.

"ನಿಮ್ಮ ಎಡಹುಬ್ಬು ಕಣ್ರೀ. ಗುಂಡಿ ಒತ್ತುವಾಗ ಮೇಲೆ ಹೋಗುತ್ತೆ."

"ಯಾರಿಗೆ ಗೊತ್ತು ಇದು?"

"ಶಾಪಿಗೆಲ್ಲ ಗೊತ್ತು. ಹೊಸಬರು ಸೇರಿದ್ರೆ ಮೇಸ್ತ್ರಿ ಮೊದಲು ಹೇಳಿಕೊಡೋದೇ ಅದನ್ನ, ಯಂತ್ರ ಆಮೇಲೆ."

ಕಿವಿ ಹೋಗಿದೆ ಎಂದು ಗೊತ್ತಾದವರನ್ನು ಪ್ಯಾಕಿಂಗಿಗೆ ಹಾಕುತ್ತಾರೆ, ಪ್ಯಾಕಿಂಗಿನಲ್ಲಿ ಜನ ಹೆಚ್ಚಾದರೆ ಮನೆಗೆ ಕಳಿಸುತ್ತಾರೆ. ಅದಕ್ಕೇ ಎಂಬತ್ತೆರಡು ಜನ ಹದಿನಾಲ್ಕು ವರ್ಷ ಗಾಜಿನಾಚೆಗೆ ಕಣ್ಣು ನೆಟ್ಟು ಒಂದು ಹುಬ್ಬನ್ನು ಓದಿಕೊಂಡು ಬದುಕಿದ್ದರು. ಕಿವಿರಾಯರು ಪರೀಕ್ಷಿಸಿದ್ದು ಅವರ ಕಣ್ಣನ್ನು.

ಜ್ವರದ ಥರ್ಮಾಮೀಟರು ಕೂಗಿದರೂ ತೆಗೆಯದೆ ಕೂತಿದ್ದಕ್ಕೆ, ಬಾಗಿಲ ಗಂಟೆಗೆ ಎದ್ದು ಹೋಗದಿದ್ದಕ್ಕೆ ಅವಳ ಮೇಲೆ ರೇಗಿದ್ದೆಲ್ಲ ಅವರಿಗೆ ಒಂದೊಂದಾಗಿ ನೆನಪಾಯಿತು. 'ನಿನಗೆ ಯಾವುದರ ಮೇಲೂ ಗಮನವಿಲ್ಲ' ಎಂದು ಎಷ್ಟು ಸಲ ಅಂದಿದ್ದರೋ. ಹುಬ್ಬಿನ ಕೂದಲು ಅಲುಗಿದರೂ ಗುರುತಿಸುವವಳಿಗೆ ಆಡಿದ ಮಾತು ಅದು.

"ಈ ಸಲಾನೂ ಹಾಗೇ ಬರೆದುಬಿಡಿ. ಮೊದಲು ರೇಸಿಗೆ ಹೋಗ್ಬರೋಣ," ಎಂದಳು ಹೆಂಡತಿ.

ಅವಳು ಹಾಗೆನ್ನದೇ ಇದ್ದಿದ್ದರೆ ಅವರು ಹಾಗೇ ಬರೆಯುತ್ತಿದ್ದರೋ ಏನೋ.

ಸೋಮವಾರ ಗಾಜಿನಾಚೆಯ ಕುರ್ಚಿ ಗೋಡೆಗೆ ಮುಖ ಮಾಡಿತು. ಮೊದಲು ಬಂದ ಮೇಸ್ತ್ರಿ ಅದನ್ನು ನೋಡಿ ಕೂರಲೇ ಇಲ್ಲ. ದೊಡ್ಡ ದೇಹ, ಬಿಳಿ ಮೀಸೆ, ಯಾರ ಜೊತೆಗಾದರೂ ಆಚೆ ದಡದವರನ್ನು ಕರೆಯುವ ದನಿಯಲ್ಲೇ ಮಾತಾಡುವವರು. ಅವತ್ತು ಮಾತ್ರ ತಗ್ಗಿಸಲು ಪ್ರಯತ್ನಪಟ್ಟರು.

"ರಾಯರೇ, ಹೋದ ಕಿವಿ ಹೋಯ್ತು. ಇನ್ನು ಅನ್ನಾನೂ ಯಾಕೆ ಕಳೀತೀರಿ?"

ಸತ್ಯ ಬರೆದರೆ ಕೆಲಸಗಾರರ ಕೆಲಸ ಹೋಗುತ್ತದೆ, ಸುಳ್ಳು ಬರೆದರೆ ಉಳಿದ ಕಿವಿಗಳೂ ಕಿವುಡಾಗುತ್ತವೆ. ಮನುಷ್ಯನ ಕಿವಿ ಕೆಟ್ಟರೆ ಮನುಷ್ಯನನ್ನು ಬದಲಾಯಿಸುತ್ತಾರೆ, ಕೆಡಿಸಿದ ಯಂತ್ರಕ್ಕೆ ಎಣ್ಣೆ ಹಾಕುತ್ತಾರೆ. ಆ ಪಟ್ಟಿಯಲ್ಲಿ ಹೆಸರಿಗೊಂದು ಕಾಲಮ್ಮಿತ್ತು, ಎಡಗಿವಿಗೊಂದು, ಬಲಗಿವಿಗೊಂದು. ಯಂತ್ರಕ್ಕೆ ಇರಲಿಲ್ಲ. ಕಿವಿರಾಯರು ಸ್ಕೇಲು ಇಟ್ಟು ಹಾಳೆಯ ಮೇಲ್ತುದಿಯಲ್ಲಿ ಒಂದು ಖಾಲಿ ಸಾಲು ಎಳೆದರು. ಆಮೇಲೆ ಮೀಟರ್ ಹಿಡಿದು, ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲ ಯಂತ್ರಗಳೂ ಬಡಿಯುತ್ತಿರುವಾಗ ಜೀವಮಾನದಲ್ಲಿ ಮೊದಲ ಸಲ ಪ್ರೆಸ್ ಶಾಪಿನ ನಟ್ಟನಡುವೆ ಹೋಗಿ ನಿಂತರು. ಮುಳ್ಳು ನಿಜಕ್ಕೂ ನಿಲ್ಲಲಿಲ್ಲ. ನೂರರಿಂದ ನೂರ ಆರರವರೆಗೆ ಕುಣಿಯಿತು, ಕೆಳಗೆ ಮಾತ್ರ ಇಳಿಯಲಿಲ್ಲ. ಅವರಿಗೆ ಕಾಲು ಗಂಟೆಯಲ್ಲಿ ತಲೆ ಸಿಡಿಯಿತು. ಹೆಂಡತಿ ಮೂರನೇ ಯಂತ್ರದಲ್ಲಿ ನಿಂತು ತಗಡು ಕೊಡುತ್ತಿದ್ದಳು, ತಿರುಗಿ ನೋಡಲಿಲ್ಲ. ಇವರು ಎರಡು ಸಲ ಕರೆದಿದ್ದರು.

ಪಟ್ಟಿ ಗುರುವಾರ ಸಿದ್ಧವಾಯಿತು. ರಾಯರು ಮೀಟರ್ ಹಿಡಿದು ಯಂತ್ರಗಳ ನಡುವೆ ನಿಂತದ್ದನ್ನು ನೋಡಿದ ಮೇಲೆ ಮೇಸ್ತ್ರಿ ಕೊನೆಗೂ ಗೋಡೆಗೆ ಮುಖ ಹಾಕಿ ಕೂತಿದ್ದರು, ಉಳಿದವರೂ ಗೊಣಗಿಕೊಂಡು ಕೂತಿದ್ದರು. ಮೊದಲ ಸಾಲಿನಲ್ಲಿ ಕೆಲಸಗಾರರ ಹೆಸರಿರಲಿಲ್ಲ. 'ಪ್ರೆಸ್ ಯಂತ್ರ, ಹದಿನಾರು. ಸದ್ದು ನೂರಕ್ಕೂ ಮೇಲೆ. ಅನುತ್ತೀರ್ಣ. ಇವುಗಳಿಂದ ಹಾಳಾದ ಕಿವಿಯವರು ಐವತ್ತೊಂದು ಜನ, ಇವರನ್ನು ಕೆಲಸದಿಂದ ತೆಗೆಯುವುದು ಶಿಕ್ಷೆಯನ್ನು ತಪ್ಪು ಕಡೆ ಕೊಟ್ಟಂತೆ' ಎಂದು ದುಂಡಗೆ ಬರೆದಿತ್ತು. ಮ್ಯಾನೇಜರು ಓದಿದರು. ಪೇಪರ್‌ವೇಟಿನ ಕೆಳಗಿಂದ ರಜೆ ಚೀಟಿ ತೆಗೆದು ಪಟ್ಟಿಯ ಪಕ್ಕ ಇಟ್ಟರು. ಎರಡರಲ್ಲಿ ಒಂದನ್ನು ವಾಪಸು ತೆಗೆದುಕೊಂಡು ಹೋಗಿ ಎಂದರು. ಬಹಳ ಮೃದುವಾಗಿ ಹೇಳಿದರು. ಕಿವಿರಾಯರು ರಜೆ ಚೀಟಿಯನ್ನು ತೆಗೆದುಕೊಂಡರು. ಪಟ್ಟಿಯನ್ನು ಅಲ್ಲೇ ಬಿಟ್ಟು, ಹನ್ನೆರಡು ವರ್ಷದ ಆಸೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು.

ಭಾನುವಾರವೇ ಹೊರಗಿನ ಪರೀಕ್ಷಕರನ್ನು ಕರೆಸಿ ಎಲ್ಲವನ್ನೂ ಮತ್ತೆ ಮಾಡಿಸುವುದು, ಕಿವಿರಾಯರು ಹಾಜರಿರುವುದು ಎಂದು ಆದೇಶ ಬಂತು. ಹೆಂಡತಿ ಆದೇಶವನ್ನು ಓದಿ, ಬ್ಯಾಗು ತುಂಬುವುದನ್ನು ನಿಲ್ಲಿಸಲಿಲ್ಲ.

"ನನ್ನ ಕಿವಿ ಹೋಗಿದೆ ಅಂತ ನೀವೇ ಬರೆದಾಯ್ತಲ್ಲ. ಇನ್ನೊಬ್ಬರು ನೋಡೋದೇನಿದೆ? ನಾನು ಹೋಗ್ತೀನಿ."

ಗಂಡನ ಸೀಟಿಗೆ ಪಕ್ಕದ ಯಂತ್ರದ ಗೆಳತಿಯನ್ನು ಕರೆದುಕೊಂಡು ಹೋದಳು. ಅವಳೇ ಶಾಪಿಗೆ ಒಯ್ದಿದ್ದ ಹಳದಿ ಗವಸುಗಳು ಆಗಲೇ ಮೂರು ಮತ್ತು ನಾಲ್ಕನೇ ಯಂತ್ರದ ಮೇಲೆ ಶಿಫ್ಟಿನಿಂದ ಶಿಫ್ಟಿಗೆ ಕೈ ಬದಲಾಯಿಸುತ್ತಿದ್ದವು, ಅವನ್ನು ಕೇಳಲು ಅವಳಿಗೆ ಮನಸ್ಸಾಗಲಿಲ್ಲ.

ಭಾನುವಾರ ಬಂದ ಹೊಸ ಪರೀಕ್ಷಕರು ಕುರ್ಚಿಯನ್ನು ಮೊದಲಿನಂತೆ ಗಾಜಿನ ಕಡೆ ತಿರುಗಿಸಿದರು. ಅವರು ಹುಬ್ಬೇರಿಸುವವರಲ್ಲ, ಗುಂಡಿ ಒತ್ತುವಾಗ ತುಟಿ ಮುಂದೆ ಮಾಡುವವರು. ಮೇಸ್ತ್ರಿ ಅದನ್ನು ಮೊದಲ ನೋಟಕ್ಕೇ ಹಿಡಿದರು. ಮೂಲೆಯಲ್ಲಿ ನಿಂತಿದ್ದ ಕಿವಿರಾಯರಿಗೂ ಅವರು ಹಿಡಿದದ್ದು ಗೊತ್ತಾಯಿತು. ಮೇಸ್ತ್ರಿ ಒಮ್ಮೆ ಇವರತ್ತ ನೋಡಿ, ಹೆಡ್‌ಫೋನ್ ಸರಿ ಮಾಡಿಕೊಂಡು, ಕಣ್ಣು ಮುಚ್ಚಿದರು. ಬೆರಳು ಏಳಲಿಲ್ಲ. ಅವರ ನಂತರ ಬಂದವರಲ್ಲಿ ಇಪ್ಪತ್ತೊಂಬತ್ತು ಜನ ಕಣ್ಣು ಮುಚ್ಚಿದರು. ಉಳಿದವರು ಮುಚ್ಚಲಿಲ್ಲ. ಮನೆಯಲ್ಲಿ ಕಾಯುವ ಬಾಯಿಗಳಿರುವವರನ್ನು ದೂರುವುದು ಸುಲಭ, ಕಿವಿರಾಯರು ದೂರಲಿಲ್ಲ. ಮೂವತ್ತು ಹೆಸರನ್ನು ಒಟ್ಟಿಗೆ ಪ್ಯಾಕಿಂಗಿಗೆ ಹಾಕಲು ಅಲ್ಲಿ ಜಾಗವಿರಲಿಲ್ಲ. ಯಂತ್ರ ನಡೆಸಲು ಬೇರೆ ಜನರೂ ಇರಲಿಲ್ಲ. ಮ್ಯಾನೇಜರು ಆ ಸಂಜೆ ಮೊದಲ ಬಾರಿಗೆ ಮೀಟರನ್ನು ಕೈಯಲ್ಲಿ ಹಿಡಿದು, ಅದನ್ನು ಯಾವ ಕಡೆಯಿಂದ ಓದುವುದು ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ಹೆಂಡತಿ ಬಿಸಿಲಿಗೆ ಕೆಂಪಾದ ಮೂಗಿನೊಂದಿಗೆ ಬಂದಿಳಿದಳು. ಕಿವಿರಾಯರು ಬ್ಯಾಗು ತೆಗೆದುಕೊಂಡು, ಅವಳ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಕೇಳಿದರು.

"ಸದ್ದು ಹೇಗಿತ್ತೇ?"

"ಎದೆಗೆ ಬಡೀತು, ನೀವು ಹೇಳಿದ ಹಾಗೇ." ಅವಳು ಚಪ್ಪಲಿ ಬಿಟ್ಟು, ಸೆರಗಿನ ತುದಿಯ ಗಂಟು ಬಿಚ್ಚಿ, ಎರಡು ಪುಟ್ಟ ಸ್ಪಂಜಿನ ಬಿರಡೆಗಳನ್ನು ಅವರ ಅಂಗೈ ಮೇಲಿಟ್ಟಳು. "ಗೇಟಿನಲ್ಲೇ ಎಲ್ಲರಿಗೂ ಕೊಡ್ತಾರೆ ಕಣ್ರೀ, ಕಿವಿಗೆ ಹಾಕ್ಕೊಳ್ಳಿ ಅಂತ. ಬರೀ ನೋಡೋಕೆ ಬಂದೋರಿಗೆ."