ಮುಗಿದ ತಂತ್ರಾಂಶವನ್ನು ಮತ್ತೆ ಮತ್ತೆ ಮುಗಿಸುವುದರ ನಿಷೇಧ

ಮನೆ ಆಡಳಿತ ವಿಭಾಗ
ಸಂಖ್ಯೆ: ಮ.ಆ.ವಿ/ಊಟದ ಮೇಜು/ಜ್ಞಾಪನ–9

ವಿಷಯ: ಗ್ರಂಥಾಲಯದ ಪುಸ್ತಕ ಹಿಂದಿರುಗಿಸಲು ನೆನಪಿಸುವ ತಂತ್ರಾಂಶ ಸಿದ್ಧವಿದ್ದರೂ, ಅದನ್ನು ಒಪ್ಪಿಸುವ ಪತ್ರ ಸೊಸೆಯ ಬಳಿಯೇ ಕೊಳೆಯುತ್ತಿರುವ ಬಗ್ಗೆ.

ಉಲ್ಲೇಖ: (ಅ) ಗ್ರಂಥಪಾಲಕಿಯವರ ಎಂಟು ತಿಂಗಳ ಹಿಂದಿನ ಪತ್ರ: "ಆಯ್ತೇನಮ್ಮಾ?"
(ಆ) ಸೊಸೆಯ ಮೌಖಿಕ ಉತ್ತರ, ದಿನವಹಿ: "ಇನ್ನೊಂದೇ ಒಂದು ಸಣ್ಣ ಕೆಲ್ಸ ಇದೆ ಅತ್ತೆ."

ಇಂದು ಬೆಳಿಗ್ಗೆ ಬಟಾಣಿ ಸುಲಿಯುವ ಕಾರ್ಯ ಅರ್ಧಕ್ಕೆ ಬಂದಿದ್ದಾಗ, ಸೊಸೆಯು ಕಾಳನ್ನು ಕಸದ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿರುವುದು ಗಮನಕ್ಕೆ ಬಂದಿದೆ. ವಿಚಾರಿಸಲಾಗಿ, ಒಬ್ಬಳೇ ಕೂತು ಕಟ್ಟಿದ ಮೊದಲ ತಂತ್ರಾಂಶದ ಚಿಂತೆ ತಲೆ ತಿನ್ನುತ್ತಿದೆಯೆಂದು ತಿಳಿದುಬಂದಿದೆ. ಗ್ರಂಥಪಾಲಕಿಯವರು ಇಂದು ಸಂಜೆ ಐದಕ್ಕೆ ನಿವೃತ್ತರಾಗುತ್ತಾರೆ. ಇಪ್ಪತ್ತಾರು ವರ್ಷ ಒಬ್ಬೊಬ್ಬ ಓದುಗರಿಗೂ ಫೋನು ಮಾಡಿ ಗಂಟಲು ಹರಿದುಕೊಂಡವರು, ಆ ಕೆಲಸ ತಾನಾಗಿ ನಡೆಯುವುದನ್ನು ಒಮ್ಮೆ ಕಣ್ಣಾರೆ ನೋಡಿ ಕುರ್ಚಿ ಬಿಡಬೇಕೆಂದಿದ್ದಾರೆ. ಆದ್ದರಿಂದ ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

1. ತಂತ್ರಾಂಶದಲ್ಲಿ ಒತ್ತುವ ಗುಂಡಿಯ ಬಣ್ಣವನ್ನು ಈವರೆಗೆ ಹತ್ತೊಂಬತ್ತು ಸಲ ಬದಲಿಸಲಾಗಿದ್ದು, ಮೊದಲಿನ ನೀಲಿಯೇ ಮರಳಿ ಬಂದಿದೆ. ಇನ್ನು ಅದು ನೀಲಿಯೇ. "ನೀಲಿ ಸ್ವಲ್ಪ ಜಾಸ್ತಿ ಆಯ್ತಾ?" ಎಂದು ಊಟದ ನಡುವೆ ಕೇಳತಕ್ಕದ್ದಲ್ಲ. ಕೇಳಿದಲ್ಲಿ ಮನೆಯವರು ತಟ್ಟೆಯಿಂದ ತಲೆ ಎತ್ತದೆ "ಚೆನ್ನಾಗಿದೆ" ಎನ್ನತಕ್ಕದ್ದು.

2. ಪರೀಕ್ಷೆ ಸಾಕು. ಒಂದೇ ದಿನ ಅತ್ತೆಯವರ ಫೋನಿಗೆ "ಪುಸ್ತಕ ಹಿಂದಿರುಗಿಸಿ" ಎಂಬ ಮುನ್ನೂರ ನಲವತ್ತು ಸಂದೇಶಗಳು ಬಂದ ಕಾರಣ, ಯಾವ ಪುಸ್ತಕವನ್ನೂ ತಂದಿರದ ಅತ್ತೆಯವರು ಮರ್ಯಾದೆಗೆ ಅಂಜಿ, ಪಕ್ಕದ ಮನೆಯವರ ಹೊಲಿಗೆ ಪುಸ್ತಕವನ್ನು ಗ್ರಂಥಾಲಯಕ್ಕೆ ಒಪ್ಪಿಸಿ ಬಂದಿದ್ದಾರೆ. ತಂತ್ರಾಂಶ ಕೆಲಸ ಮಾಡುತ್ತದೆಂಬುದಕ್ಕೆ ಇದನ್ನೇ ಪುರಾವೆಯಾಗಿ ಪರಿಗಣಿಸಲಾಗಿದೆ.

3. ಸೊಸೆಯ ಪತ್ರದಲ್ಲಿ "ನಮ್ಮ ಪರಿಣತರ ತಂಡ" ಎಂದು ಬರೆದಿರುವುದು ಕಂಡುಬಂದಿದೆ. ತಲೆ ಎಣಿಸಲಾಗಿ, ಸೊಸೆ ಒಬ್ಬಳು. ಇಂಟರ್ನೆಟ್ ಡಬ್ಬಿಯನ್ನು ಆರಿಸಿ ಹಚ್ಚುವ ಗಂಡ ಒಬ್ಬ. ಗಂಡನ ಪರಿಣತಿಯ ಬಗ್ಗೆ ಪ್ರತ್ಯೇಕ ಸಮಿತಿ ರಚಿಸಲಾಗುವುದು.

4. "ಯಾರಾದ್ರೂ ನಕ್ಕುಬಿಟ್ರೆ?" ಎಂಬ ಪ್ರಶ್ನೆಗೆ ಸಂಬಂಧಿಸಿದಂತೆ: ನಗಬಯಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ, ಅತ್ತೆಯವರ ಎದುರು ಖುದ್ದಾಗಿ ನಿಂತು ನಗತಕ್ಕದ್ದು. ಅಲ್ಲಿಯವರೆಗೆ ಯಾರೂ ನಕ್ಕಿಲ್ಲವೆಂದೇ ಭಾವಿಸತಕ್ಕದ್ದು.

5. ಹೊಸ ತಪ್ಪು ಕಂಡಲ್ಲಿ, ಅದನ್ನು ನಾಳೆ ಕಾಣತಕ್ಕದ್ದು.

(ಸಹಿ)
ಅತ್ತೆ
ಆಡಳಿತ, ಪರೀಕ್ಷೆ ಹಾಗೂ ತರಕಾರಿ

ಪ್ರತಿಗಳು:
ಸೊಸೆಗೆ, ಕೂಡಲೇ ಪಾಲಿಸಲು.
ಗಂಡನಿಗೆ, ಐದು ಗಂಟೆಯವರೆಗೆ ಏನನ್ನೂ ಮುಟ್ಟದಿರಲು.
ಪಕ್ಕದ ಮನೆಯವರಿಗೆ, ವಿಷಾದಪೂರ್ವಕವಾಗಿ.
(ಸಂಜೆ ಸೇರಿಸಿದ್ದು) ಗ್ರಂಥಪಾಲಕಿಯವರಿಗೆ ಪ್ರತಿಯ ಅಗತ್ಯವಿರುವುದಿಲ್ಲ. ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ಸೊಸೆಯು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ತನ್ನ ಕೈಯಾರೆ, ಪತ್ರವನ್ನು ತಂತ್ರಾಂಶ ಸಮೇತ ಕಳುಹಿಸಿದ್ದಾಳೆ.